ಕಬ್ಬಿಣಕ್ಕೆ ಥಂಡಿಯಾಗುತ್ತದೆಯೆ?



“ಸರ್ರ, ಮನಷ್ಯಾಗ ಥಂಡಿ ಆಗೂದು ಗೊತ್ತೈತಿ. ಕಬ್ಬಿಣಕ್ಕೂ ಥಂಡಿ ಆಗತೈತೇನ್ರೀ?”

ಈ ಪ್ರಶ್ನೆಯನ್ನು ನನಗೆ ಹಾಕಿದವನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಒಬ್ಬ ತರುಣ ಹಮಾಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದವನು ನಾನು. ಅಷ್ಟು ವರ್ಷಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ನನಗೆ ಕೇಳಿದ್ದಿಲ್ಲ. ಹಳಗನ್ನಡದ ಮೇಷ್ಟರಿಗೂ ಕೋಲ್ಡ್ ಸ್ಟೋರೇಜಿನ ಕಬ್ಬಿಣಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ಹೇಗೆ ಕೂಡಿಬಂತು, ಆ ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆ ಎಂಬುದೇ ಇಂದಿನ ನನ್ನ ಮಾತಿನ ವಸ್ತು.

ನಿವೃತ್ತನಾದ ಮೇಲೆ ನಾನು ನನ್ನ ಊರಾದ ಕದರಮಂಡಲಗಿಗೆ ಬಂದು ನೆಲೆಸಿದ್ದೇನೆ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಆಂಜನೇಯರ ದರ್ಶನವನ್ನು ಒಂದೇ ದಿನದಲ್ಲಿ ಪಡೆಯಬೇಕೆಂದು ಹೊರಡುವ ಭಕ್ತರಿಗೆ ನಮ್ಮ ಊರು ಪರಿಚಿತ. ಉಳಿದವರಿಗೆ ನಾವು ಬ್ಯಾಡಗಿ ತಾಲ್ಲೂಕಿನವರೆಂದರೆ ಸಾಕು. ಕೂಡಲೇ ಅವರಿಗೆ ಮೆಣಸಿನಕಾಯಿ ನೆನಪಾಗುತ್ತದೆ. ಕಡುಗೆಂಪು ಬಣ್ಣ, ನೆರಿಗೆ ಬಿದ್ದ ತೊಗಲು, ಬಣ್ಣಕ್ಕೆ ಹೋಲಿಸಿದರೆ ಕಡಿಮೆಯೆನ್ನಬೇಕಾದ ಖಾರ, ಇವು ಈ ಕಾಯಿಯ ಲಕ್ಷಣಗಳು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ನಡೆಯುವ ವ್ಯಾಪಾರದ ದಿನಗಳಲ್ಲಿ, ಸುಗ್ಗಿಯ ಕಾಲಕ್ಕೆ, ಊರಿಗೆ ಊರೇ ಕೆಂಪಾಗಿ ಕಾಣುತ್ತದೆ.

ಆದರೆ ಈ ಕೆಂಪು ಸ್ಥಿರವಾದುದಲ್ಲ. ಬಿಸಿಲು, ಬೆಳಕು, ತೇವಗಳಿಗೆ ಸಿಕ್ಕ ಕಾಯಿ ಕೆಲವೇ ತಿಂಗಳುಗಳಲ್ಲಿ ಬಣ್ಣಗೆಡುತ್ತದೆ. ಬಣ್ಣಗೆಟ್ಟ ಬ್ಯಾಡಗಿ ಕಾಯಿಗೆ ಬೆಲೆಯೂ ಇಲ್ಲ, ಹೆಸರೂ ಇಲ್ಲ. ಆದ್ದರಿಂದಲೇ ನಮ್ಮ ಸೀಮೆಯಲ್ಲಿ ರಸ್ತೆಯ ಇಕ್ಕೆಲಗಳಲ್ಲೂ ಕಿಟಕಿಯಿಲ್ಲದ ಎತ್ತರದ ಗೋಡೆಗಳ ಕೋಲ್ಡ್ ಸ್ಟೋರೇಜುಗಳು ಎದ್ದು ನಿಂತಿವೆ. ಬೆಲೆ ಬಿದ್ದಾಗ ಮಾಲನ್ನು ಕೈಬಿಡದೆ ನಾಲ್ಕು ದಿನ ಕಾಯುವ ಶಕ್ತಿಯನ್ನು ಅವು ಕೊಡುತ್ತವೆ. ಕಾಯಲಾರದವನ ಪಾಡೇನೆಂಬುದನ್ನು ನಾವು ಕಂಡವರು. 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟದ್ದು ನಾಡಿಗೆಲ್ಲ ಸುದ್ದಿಯಾಯಿತು. ಥಂಡಿಯೆಂಬುದು ನಮ್ಮಲ್ಲಿ ಸುಖದ ವಸ್ತುವಲ್ಲ; ವರ್ಷದ ದುಡಿಮೆಯನ್ನು ಕಾಪಾಡುವ ಸಾಧನ.

ಈ ಥಂಡಿ ಹುಟ್ಟುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿ ಉಕ್ಕಿನ ಕೊಳವೆಗಳೊಳಗೆ ಅಮೋನಿಯಾ ಹರಿಯುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿದರೆ ಅಮೋನಿಯಾ ತೆರೆದ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ಕುದಿಯುವುದಕ್ಕೆ ಬೇಕಾದ ಶಾಖವನ್ನು ತನ್ನ ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಹೀರಿಕೊಂಡ ಶಾಖವನ್ನು ಕಂಪ್ರೆಸರ್ ಹೊರಕ್ಕೆ ತಂದು ಚೆಲ್ಲುತ್ತದೆ. ಒತ್ತಡ ಹೆಚ್ಚಿದ್ದರೆ ಕುದಿಯುವ ಬಿಂದುವೂ ಮೇಲೇರುವುದರಿಂದ, ದಿನನಿತ್ಯದ ಕೆಲಸದಲ್ಲಿ ಮೆಣಸಿನಕಾಯಿ ಕೋಣೆಯ ಅಮೋನಿಯಾ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಕೊಳವೆಗೆ ಅದು ದೊಡ್ಡ ಚಳಿಯಲ್ಲ. ಆದರೆ ಎಲ್ಲಿಯಾದರೂ ಸೋರಿಕೆಯಾಗಿ, ಅಥವಾ ದುರಸ್ತಿಗಾಗಿ ಕೊಳವೆಯನ್ನು ಅವಸರದಿಂದ ಬರಿದುಮಾಡಿದಾಗ, ಒಳಗಿನ ಒತ್ತಡ ಇದ್ದಕ್ಕಿದ್ದಂತೆ ಇಳಿದರೆ, ಉಳಿದ ದ್ರವ ತಾನೇ ಕುದಿದು ತನ್ನನ್ನೂ ಕೊಳವೆಯನ್ನೂ ಆ 33ರ ಆಳಕ್ಕೆ ಎಳೆದೊಯ್ಯುತ್ತದೆ. ಹೊರಗೆ ಬೇಸಿಗೆಯ ಬಿಸಿಲು ಸುಡುತ್ತಿರುವಾಗಲೇ ಕೊಳವೆಯ ಮೇಲೆ ಹಿಮಾಲಯ ಇಳಿದಿರುತ್ತದೆ.

ಇನ್ನು ನನ್ನ ಸಂಬಂಧದ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳ ಮೇಲ್ವಿಚಾರಕ. ಅದಕ್ಕೆ ಮುನ್ನ ಅವನು ಬೇರೆ ಜಿಲ್ಲೆಯ ಒಂದು ಕಡೆ ಕೆಲಸದಲ್ಲಿದ್ದ. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಒಮ್ಮೆ ತುಕ್ಕು ತಿಂದ ಕೊಳವೆಯ ತುಂಡೊಂದನ್ನು ತೆಗೆದು ಹೊಸದನ್ನು ಹಾಕಬೇಕಾಯಿತು. ಅಂಗಳದಲ್ಲಿ ಬಿದ್ದಿದ್ದ ಒಂದು ಕೊಳವೆ ಅಳತೆಗೆ ಸರಿಹೋಯಿತು. ಸುತ್ತಳತೆಯೂ ಅದೇ, ದಪ್ಪವೂ ಅದೇ, ಬಣ್ಣವೂ ಅದೇ ಕಪ್ಪು. ಬೆಸುಗೆ ಹಾಕಿದರು. ಕೆಲವು ತಿಂಗಳು ಅದು ನಿಷ್ಠೆಯಿಂದ ದುಡಿಯಿತು. ಮುಂದೆ ಒಂದು ದಿನ ದುರಸ್ತಿಗೆಂದು ಆ ಸಾಲನ್ನು ಬರಿದುಮಾಡಿದಾಗ ಕೊಳವೆಗೆ ಬೆಳ್ಳಗೆ ಹಿಮ ಹಿಡಿಯಿತು. ಹೋದ ಕರೆಂಟು ಅಷ್ಟರಲ್ಲಿ ಬಂತು. ಒಳಗಿನ ಮಾಲು ಬೆಚ್ಚಗಾದೀತೆಂಬ ಗಾಬರಿಯಲ್ಲಿ, ಹಿಮ ಕರಗುವ ಮೊದಲೇ ವಾಲ್ವ್ ತಿರುಗಿಸಿ ಒತ್ತಡ ಏರಿಸಿದರು. ಬೆಸುಗೆಯ ಅಂಚಿನಲ್ಲಿ ಕೊಳವೆ ಪಟಾಕಿಯಂತೆ ಸದ್ದುಮಾಡಿ ಸೀಳಿತು. ಉಬ್ಬಲಿಲ್ಲ, ಬಾಗಲಿಲ್ಲ, ಯಾವ ಮುನ್ಸೂಚನೆಯನ್ನೂ ಕೊಡಲಿಲ್ಲ. ಪ್ರಾಣಹಾನಿ ಆಗದಿದ್ದುದು ಪುಣ್ಯ. ಆದರೆ ಹತ್ತಿರವಿದ್ದ ಒಬ್ಬ ಕೆಲಸಗಾರ ಬಹಳ ದಿನ ಕಣ್ಣು ಬಿಡಲಾರದೆ ನರಳಿದ. ಆ ಸೀಳಿನ ಅಂಚು ಒಡೆದ ಮಡಕೆಯ ಅಂಚಿನಂತೆ ಚಪ್ಪಟೆಯಾಗಿ ಮಿನುಗುತ್ತಿತ್ತೆಂದು ನನ್ನ ವಿದ್ಯಾರ್ಥಿ ಇಂದಿಗೂ ಹೇಳುತ್ತಾನೆ.

ಬ್ಯಾಡಗಿಗೆ ಬಂದ ಮೇಲೆ ಅವನು ಒಂದು ಸಂಜೆ ನಮ್ಮ ಮನೆಗೆ ಬಂದ. ಅವನ ಕೈಯಲ್ಲಿ ಕೊಳವೆಗಳ ನಿಯಮಗಳನ್ನು ಕುರಿತ ಇಂಗ್ಲಿಷ್ ಹಾಳೆಗಳ ಒಂದು ಕಟ್ಟು ಇತ್ತು. “ಸರ್, ಇದನ್ನ ನಮ್ಮ ಹುಡುಗರು ಓದೂ ಹಂಗ ಕನ್ನಡದಾಗ ಮಾಡಿಕೊಡ್ರಿ. ನಿಯಮ ಎಲ್ಲಾ ಕಪಾಟಿನ್ಯಾಗ ಐತ್ರಿ, ವಾಲ್ವ್ ಮಾತ್ರ ಅವರ ಕೈಯಾಗ ಐತಿ,” ಎಂದ. ಆ ಮಾತಿಗೆ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಓದಲು ತೊಡಗಿದಾಗ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ನಾವು ವ್ಯಾಕರಣ ಓದಿದವರು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರಗಳನ್ನು ಕಟ್ಟಿದ್ದು ಹಿಂದಿನ ಕವಿಗಳ ಒಳ್ಳೆಯ ಪ್ರಯೋಗಗಳನ್ನು ನೋಡಿ. ಈ ಕೊಳವೆಗಳ ಸಂಹಿತೆಯೂ ಒಂದು ವ್ಯಾಕರಣವೇ ಸರಿ. ಆದರೆ ಇಲ್ಲಿನ ಸೂತ್ರಕಾರರು ಹೆಚ್ಚಾಗಿ ನೋಡಿದ್ದು ಕೆಟ್ಟ ಪ್ರಯೋಗಗಳನ್ನು, ಒಡೆದುಹೋದ ವಸ್ತುಗಳನ್ನು. ನಮ್ಮ ವ್ಯಾಕರಣ ಮುರಿದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಈ ವ್ಯಾಕರಣ ಮುರಿದರೆ ಹೋಗುವುದು ಅಂಕವಲ್ಲ.

1943ರ ಜನವರಿ 16ರಂದು ಅಮೆರಿಕದ ಆರೆಗಾನ್ ಪ್ರಾಂತದ ಪೋರ್ಟ್‌ಲೆಂಡ್ ಬಂದರಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚ ಹೊಸ ತೈಲವಾಹಕ ಹಡಗು ಶಾಂತವಾದ ನೀರಿನಲ್ಲಿ, ಕಟ್ಟಿಹಾಕಿದ್ದ ಜಾಗದಲ್ಲಿಯೇ, ಭಾರೀ ಸದ್ದಿನೊಡನೆ ನಡುಮುರಿದು ಬಿತ್ತು. ಬಿರುಗಾಳಿಯಿರಲಿಲ್ಲ, ಶತ್ರುವಿನ ಗುಂಡು ತಾಗಿರಲಿಲ್ಲ. ಇದ್ದುದು ಚಳಿ ಮಾತ್ರ. ಅದೂ ಸೊನ್ನೆಯ ಆಸುಪಾಸಿನದು. ಯುದ್ಧಕಾಲದಲ್ಲಿ ಅವಸರದಿಂದ ಬೆಸೆದು ಕಟ್ಟಿದ ಲಿಬರ್ಟಿ ಹಡಗುಗಳಲ್ಲಿಯೂ ಹೀಗೆಯೇ ಬಿರುಕುಗಳು ಕಾಣಿಸಿಕೊಂಡವು. ದೋಷ ಬೆಸುಗೆಯಲ್ಲಿ ಮಾತ್ರವಲ್ಲ, ಚಳಿಯಲ್ಲಿ ತನ್ನ ಗುಣವನ್ನೇ ಬದಲಿಸುವ ಉಕ್ಕಿನಲ್ಲಿಯೂ ಇದೆಯೆಂದು ತೋರಿಸಿಕೊಟ್ಟವರು ಕೇಂಬ್ರಿಜ್ಜಿನ ವಿದುಷಿ ಕಾನ್‌ಸ್ಟನ್ಸ್ ಟಿಪ್ಪರ್. ಅದಾದ ಮರುವರ್ಷ, 1944ರ ಅಕ್ಟೋಬರ್ 20ರಂದು, ಕ್ಲೀವ್‌ಲ್ಯಾಂಡ್ ನಗರದಲ್ಲಿ ದ್ರವರೂಪದ ನೈಸರ್ಗಿಕ ಅನಿಲವನ್ನು ತುಂಬಿದ್ದ ತೊಟ್ಟಿಯೊಂದು ಒಡೆಯಿತು. ಆ ದ್ರವದ ಚಳಿ ಸೊನ್ನೆಗಿಂತ 162 ಡಿಗ್ರಿ ಕೆಳಗಿನದು. ಅನಿಲ ಚರಂಡಿಗಳಿಗೆ ಇಳಿದು ಬೀದಿ ಬೀದಿಗಳಲ್ಲಿ ಬೆಂಕಿಯಾಗಿ ಎದ್ದಿತು. ಸುಮಾರು 130 ಜನ ಸತ್ತರು. ಆ ತೊಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಮೂರೂವರೆ ಪಾಲು ನಿಕಲ್ ಇತ್ತು, ಅಷ್ಟು ಸಾಲಲಿಲ್ಲ. ಇಂದು ಅಂಥ ತೊಟ್ಟಿಗಳಿಗೆ ಒಂಬತ್ತು ಪಾಲು ನಿಕಲ್ ಬೆರೆಸಿದ ಉಕ್ಕನ್ನು ಬಳಸುತ್ತಾರೆ. ಸಂಹಿತೆಯಲ್ಲಿ ಒಂದು ಅಂಕಿ ಬದಲಾಗುವುದೆಂದರೆ ಏನೆಂದು ಇದರಿಂದ ತಿಳಿಯಬಹುದು.

ಅನುವಾದದ ಕಷ್ಟ ಶುರುವಾದದ್ದು ಇಲ್ಲಿಂದ. ಚಳಿಯಲ್ಲಿ ಉಕ್ಕು ಪಡೆಯುವ ಈ ಗುಣಕ್ಕೆ ಪಠ್ಯಪುಸ್ತಕಗಳಲ್ಲಿ ‘ಭಿದುರತೆ’ ಎಂಬ ಮಾತಿದೆ. ಅದರ ವಿರುದ್ಧ ಗುಣಕ್ಕೆ ‘ತನ್ಯತೆ’. ಎರಡೂ ಶುದ್ಧವಾದ ಮಾತುಗಳೇ. ಆದರೆ ರಾತ್ರಿ ಪಾಳಿಯಲ್ಲಿ ವಾಲ್ವ್ ಕಾಯುವ ಹುಡುಗನಿಗೆ ಅವು ಏನನ್ನೂ ಹೇಳುವುದಿಲ್ಲ. ನಾನು ನಮ್ಮೂರಿನ ಮುದುಕ ಕಮ್ಮಾರನನ್ನು ಕೇಳಿದೆ. ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿ ಹದ ಮಾಡುವ ಆತ ಒಂದು ಕ್ಷಣವೂ ಯೋಚಿಸಲಿಲ್ಲ. “ಗಡಸು ಬ್ಯಾರೆ, ಪೆಡಸು ಬ್ಯಾರೆ ಸರ್ರ. ಗಡಸು ಕಬ್ಣ ಕೆಲ್ಸಾ ಮಾಡತೈತಿ. ಪೆಡಸು ಕಬ್ಣ ಕೈಕೊಡತೈತಿ,” ಎಂದ. ಬಾಗಿ ತಾಳುವ ಕಬ್ಬಿಣಕ್ಕೆ ಆತ ಬಳಸಿದ ಮಾತು ‘ಜಿಗುಟು’. ನಿಘಂಟಿನಲ್ಲಿ ಮಲಗಿದ್ದ ಪೆಡಸು ಎಂಬ ಶಬ್ದ ಆತನ ಕುಲುಮೆಯಲ್ಲಿ ಇನ್ನೂ ಬಿಸಿಯಾಗಿಯೇ ಇತ್ತು.

ಗಡಸು ಮತ್ತು ಪೆಡಸುಗಳ ನಡುವಿನ ಈ ಅಂತರವನ್ನು ಅಳೆಯುವ ಒಂದು ಸರಳವಾದ ಪರೀಕ್ಷೆಯಿದೆ; ಅದಕ್ಕೆ ಫ್ರಾನ್ಸಿನ ಜಾರ್ಜ್ ಶಾರ್ಪಿಯ ಹೆಸರು ನಿಂತಿದೆ. ಬೆರಳುದ್ದದ ಚೌಕ ಉಕ್ಕಿನ ತುಂಡಿಗೆ ನಡುವೆ 2 ಮಿಲಿಮೀಟರ್ ಆಳದ ಕಚ್ಚು ಹಾಕಿ, ಅದನ್ನು ಬೇಕಾದ ಚಳಿಗೆ ಇಳಿಸಿ, ಎತ್ತರದಿಂದ ತೂಗಿ ಬರುವ ಭಾರವಾದ ಲೋಲಕದಿಂದ ಹೊಡೆಯುತ್ತಾರೆ. ತುಂಡು ಜಿಗುಟಾಗಿದ್ದರೆ ಲೋಲಕದ ಬಲವನ್ನೆಲ್ಲ ತಾನು ನುಂಗಿ ಅದನ್ನು ತಡೆಯುತ್ತದೆ. ಪೆಡಸಾಗಿದ್ದರೆ ಟಕ್ಕನೆ ತುಂಡಾಗುತ್ತದೆ. ಲೋಲಕ ಏನೂ ಆಗಿಲ್ಲವೆಂಬಂತೆ ಆಚೆ ಬದಿಗೆ ಏರಿಹೋಗುತ್ತದೆ. ಅದು ಎಷ್ಟು ಏರಿತೆಂಬುದರಿಂದ ಉಕ್ಕಿನ ಗುಣವನ್ನು ಓದುತ್ತಾರೆ.

ಇಂಥ ಪರೀಕ್ಷೆಗಳ ಫಲವನ್ನೇ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಕೊಳವೆ ಸಂಹಿತೆಗಳು ಕೋಷ್ಟಕಗಳಾಗಿ ಕೊಡುತ್ತವೆ. ಕಾರ್ಖಾನೆಯ ಕೊಳವೆಗಳಿಗೊಂದು, ಶೈತ್ಯೀಕರಣದ ಕೊಳವೆಗಳಿಗೊಂದು ಪ್ರತ್ಯೇಕ ಸಂಪುಟವೇ ಇದೆ. ಯಾಂತ್ರಿಕ ಶೈತ್ಯೀಕರಣದ ಸುರಕ್ಷತೆಗೆ ನಮ್ಮ ಭಾರತೀಯ ಮಾನಕವೂ ಇದೆ.  ಎ 106 ಎಂಬ ಗುರುತಿನ ಸಾಮಾನ್ಯ ಉಕ್ಕಿನ ಕೊಳವೆಗೆ, ಅದು ತೀರ ದಪ್ಪವಲ್ಲದಿದ್ದರೆ, ಹೆಚ್ಚಿನ ಪರೀಕ್ಷೆಯಿಲ್ಲದೆ ಸೊನ್ನೆಗಿಂತ 29 ಡಿಗ್ರಿ ಕೆಳಗಿನವರೆಗೆ ಅನುಮತಿಯಿದೆ. ಅಮೋನಿಯಾ ಇಳಿಯಬಲ್ಲುದು 33ಕ್ಕೆ. ನಡುವಿನ ಅಂತರ ನಾಲ್ಕೇ ಡಿಗ್ರಿ! ಆ ನಾಲ್ಕು ಡಿಗ್ರಿಗಾಗಿಯೇ ಎ 333 ಎಂಬ ಬೇರೊಂದು ಬಗೆಯ ಕೊಳವೆಯಿದೆ. ಅದರ ಆರನೆಯ ದರ್ಜೆಯದನ್ನು ಸೊನ್ನೆಗಿಂತ 45 ಡಿಗ್ರಿ ಕೆಳಗೆ ಲೋಲಕದ ಪೆಟ್ಟಿಗೆ ಒಡ್ಡಿ ನೋಡಿಯೇ ಮಾರುತ್ತಾರೆ. ಒಳಗಿನ ಒತ್ತಡ ತೀರ ಕಡಿಮೆಯಿರುವಾಗ ಸಂಹಿತೆ ಸಾಮಾನ್ಯ ಕೊಳವೆಗೂ ಕೆಲವು ರಿಯಾಯಿತಿಗಳನ್ನು ಕೊಡುತ್ತದೆ. ಅದು ನ್ಯಾಯವೂ ಹೌದು, ಏಕೆಂದರೆ ಎಳೆತವಿಲ್ಲದೆ ಬಿರುಕು ಓಡುವುದಿಲ್ಲ. ಚಳಿ, ಕಚ್ಚು, ಎಳೆತ, ಈ ಮೂರೂ ಕೂಡಿದರೆ ಮಾತ್ರ ಅನಾಹುತ. ನನ್ನ ವಿದ್ಯಾರ್ಥಿ ಕಂಡ ಅಪಘಾತದಲ್ಲಿ ಮೂರೂ ಕೂಡಿದ್ದವು. ಕೊಳವೆ ಹಿಮಗಟ್ಟಿತ್ತು, ಬೆಸುಗೆಯ ಅಂಚಿನಲ್ಲಿ ಕಚ್ಚು ಇತ್ತು, ಅವಸರದ ಕೈ ಒತ್ತಡವನ್ನು ತಂದು ಸೇರಿಸಿತು.

ಹಾಗಾದರೆ ಚಳಿಗೆ ಪೆಡಸಾಗದ ಲೋಹವನ್ನೇ ಬಳಸಬಾರದೆ? ತಾಮ್ರವಿದೆ, ಎಷ್ಟು ಚಳಿಯಾದರೂ ಅದು ಜಿಗುಟುತನ ಬಿಡುವುದಿಲ್ಲ. ಆದರೆ ತೇವ ಬೆರೆತ ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದುಹಾಕುತ್ತದೆ. ಕ್ರೋಮಿಯಂ, ನಿಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕಿದೆ. ದೊಡ್ಡ ಆಸ್ಪತ್ರೆಗಳ ಆವರಣದಲ್ಲಿ ನಿಂತ, 2021ರ ಆ ಭಯಂಕರ ದಿನಗಳಲ್ಲಿ ನಾವೆಲ್ಲ ಕಣ್ಣಿಟ್ಟು ನೋಡಿದ ಆಕ್ಸಿಜನ್ ತೊಟ್ಟಿಗಳ ಒಳಗೋಡೆ ಅಂಥದು. ಸೊನ್ನೆಗಿಂತ 183 ಡಿಗ್ರಿ ಕೆಳಗಿನ ದ್ರವ ಆಕ್ಸಿಜನ್ನನ್ನು ಅದು ನಿರಾತಂಕವಾಗಿ ಹೊತ್ತುಕೊಂಡಿರುತ್ತದೆ. ಆದರೆ ಅದರ ಬೆಲೆ ಮೆಣಸಿನಕಾಯಿಯ ಲೆಕ್ಕಕ್ಕೆ ಭಾರ. ಹೀಗಾಗಿ ನಾವು ಮತ್ತೆ ಸಾದಾ ಉಕ್ಕಿಗೇ ಬರಬೇಕು, ಅದರ ಮಿತಿಯನ್ನು ಅರಿತು ಬಾಳಬೇಕು. ಚಳಿಗೆ ಅದು ಕುಗ್ಗುವುದನ್ನೂ ಮರೆಯುವಂತಿಲ್ಲ. ಬೇಸಿಗೆಯ 35 ಡಿಗ್ರಿಯಿಂದ ಸೊನ್ನೆಗಿಂತ 33ರ ಕೆಳಕ್ಕೆ ಇಳಿದರೆ ನೂರು ಮೀಟರ್ ಉದ್ದದ ಕೊಳವೆ ಸುಮಾರು 8 ಸೆಂಟಿಮೀಟರ್ ಗಿಡ್ಡವಾಗುತ್ತದೆ. ನೇರವಾಗಿ ಹಾಯಿಸಿ ಎರಡೂ ತುದಿಗಳನ್ನು ಬಿಗಿದರೆ ಅದು ತನ್ನ ಬೆಸುಗೆಗಳನ್ನು ತಾನೇ ಎಳೆಯುತ್ತದೆ. ಅಲ್ಲಲ್ಲಿ ಕೊಳವೆಗಳಿಗೆ ಬಾಗುಗಳನ್ನು ಕೊಡುವುದು ಅದಕ್ಕೇ. ಮೇಲೆ ಸುತ್ತಿದ ಹೊದಿಕೆ ಹರಿದರೆ ಗಾಳಿಯ ತೇವ ಒಳಗೆ ನುಸುಳಿ, ಕಣ್ಣಿಗೆ ಕಾಣದಂತೆ ತುಕ್ಕು ಬೆಳೆಯುತ್ತದೆ.

ಇಷ್ಟನ್ನೆಲ್ಲ ಅರಗಿಸಿಕೊಂಡು ನಾನು ಮೊದಲ ಕರಡನ್ನು ಸಿದ್ಧಪಡಿಸಿದೆ. ‘ಲೋಹದ ಕನಿಷ್ಠ ವಿನ್ಯಾಸ ತಾಪಮಾನವನ್ನು ಉಲ್ಲಂಘಿಸತಕ್ಕದ್ದಲ್ಲ’ ಎಂದು ಅದರ ಮೊದಲ ವಾಕ್ಯ. ಕೋಲ್ಡ್ ಸ್ಟೋರೇಜಿನ ಜಗಲಿಯ ಮೇಲೆ ಕೆಲಸಗಾರರನ್ನು ಕೂರಿಸಿ ಓದಿದೆ. ಎಲ್ಲರೂ ಗೌರವದಿಂದ ತಲೆದೂಗಿದರು. ಗೌರವದಿಂದ ತಲೆದೂಗಿದರೆಂದರೆ ಅರ್ಥವಾಗಿಲ್ಲವೆಂದೇ ತಿಳಿಯಬೇಕು. ಇದು ಮೇಷ್ಟರ ಅನುಭವ. ಆಗಲೇ ಹಿಂದೆ ಕುಳಿತಿದ್ದ ಆ ಹಮಾಲ, ನಾನು ಆರಂಭದಲ್ಲಿ ಹೇಳಿದ ಪ್ರಶ್ನೆಯನ್ನು ಕೇಳಿದ. ನಾನು ಕರಡನ್ನು ಮಡಚಿಟ್ಟೆ. “ಆಗತೈತಪ್ಪಾ. ಮನಷ್ಯಾಗ ಥಂಡಿ ಆದರ ನಡುಗತಾನ, ಸೀನತಾನ, ನಮಗ ಗೊತ್ತಾಗತೈತಿ. ಕಬ್ಬಿಣಕ್ಕ ಥಂಡಿ ಆದರ ಸುಮ್ಮನ ಇರತೈತಿ. ಅದಕ್ಕ ನಾವೇ ನೋಡಿಕೋಬೇಕು,” ಎಂದೆ. ಆಮೇಲೆ ಕಮ್ಮಾರನ ಪೆಡಸಿನ ಮಾತನ್ನು ಹೇಳಿದೆ. ಆಗ ತಲೆದೂಗುವುದು ನಿಂತು ಪ್ರಶ್ನೆಗಳು ಬರತೊಡಗಿದವು.

ಅವರ ಜೊತೆಯಲ್ಲೇ ಕುಳಿತು ಎರಡನೆಯ ಕರಡನ್ನು ಬರೆದೆವು. ಅದು ಈಗ ಯಂತ್ರದ ಕೋಣೆಯ ಬಾಗಿಲ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿದೆ. ಕೊಳವೆಯ ಮೇಲಿನ ಅಕ್ಷರ ಓದದೆ ಕೊಳವೆ ಜೋಡಿಸಬೇಡಿ. ಅಕ್ಷರ ಅಳಿಸಿದ ಕೊಳವೆ ಥಂಡಿ ಸಾಲಿಗೆ ಬೇಡ. ಹಿಮ ಹಿಡಿದ ಕೊಳವೆ ಪೆಡಸಾಗಿರುತ್ತದೆ. ಅದು ಬೆಚ್ಚಗಾಗುವವರೆಗೆ ಒತ್ತಡ ಏರಿಸಬೇಡಿ, ಸುತ್ತಿಗೆ ಮುಟ್ಟಿಸಬೇಡಿ. ಅಮೋನಿಯಾದ ದಾರಿಯಲ್ಲಿ ತಾಮ್ರ, ಹಿತ್ತಾಳೆ ಇರಬಾರದು. ವಾಸನೆ ಬಂದರೆ ಗಾಳಿಗೆ ಅಡ್ಡಲಾಗಿ ಹೊರಗೆ ಹೋಗಿ. ಕಣ್ಣಿಗೆ ತಾಗಿದರೆ ಉಜ್ಜದೆ ಹದಿನೈದು ನಿಮಿಷ ನೀರು ಹಾಕುತ್ತಿರಿ. ಇಷ್ಟೇ ಮಾತುಗಳು. ಇದು ಸಂಹಿತೆಯಲ್ಲ, ಸಂಹಿತೆಯನ್ನು ಓದಿ ಲೆಕ್ಕ ಹಾಕಬೇಕಾದವರು ಎಂಜಿನಿಯರುಗಳೇ. ಆದರೆ ಅವರು ಹಾಕಿದ ಲೆಕ್ಕ ರಾತ್ರಿ ಎರಡು ಗಂಟೆಗೆ ನಿಲ್ಲುವುದೂ ಬೀಳುವುದೂ ಕೂಲಿಯವನ ಕೈಯಲ್ಲಿದೆ. ಅವನು ಓದಲಾರದ ನಿಯಮ ಅವನ ಮಟ್ಟಿಗೆ ಇಲ್ಲದ ನಿಯಮ.

ಕನ್ನಡ ವಿಜ್ಞಾನದ ಭಾಷೆಯಾಗಬೇಕೆಂದು ನಾನು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇನೆ, ಹಾರ ಹಾಕಿಸಿಕೊಂಡಿದ್ದೇನೆ. ಆ ಸಭೆಗಳಲ್ಲಿ ನಾವು ಹುಡುಕುತ್ತಿದ್ದುದು ಪ್ರಬಂಧ ಬರೆಯುವವನಿಗೆ ಬೇಕಾದ ಶಬ್ದಗಳನ್ನು. ವಾಲ್ವ್ ತಿರುಗಿಸುವವನಿಗೆ ಬೇಕಾದ ಶಬ್ದ ಯಾವುದೆಂದು ನಾವು ಕೇಳಿಕೊಳ್ಳಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆಯೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೆಲವು ವಾರಗಳ ಹಿಂದೆ ನನ್ನ ವಿದ್ಯಾರ್ಥಿ ಮತ್ತೆ ಮನೆಗೆ ಬಂದಿದ್ದ. ಲಾರಿಯೊಂದರಲ್ಲಿ ಹೊಸ ಕೊಳವೆಗಳು ಬಂದಿದ್ದವಂತೆ. ಇಳಿಸಲು ಹೋದ ಅದೇ ಹಮಾಲ ಒಂದು ಕೊಳವೆಯನ್ನು ಬೆಳಕಿಗೆ ತಿರುತಿರುಗಿಸಿ ನೋಡಿ, ಅದನ್ನು ಬೇರೆಯಾಗಿ ಗೋಡೆಗೆ ಒರಗಿಸಿದನಂತೆ. “ಯಾಕೋ?” ಎಂದು ಲಾರಿಯವನು ಗದರಿಸಿದರೆ, “ಇದರ ಮ್ಯಾಲ ಹೆಸರಿಲ್ರೀ,” ಎಂದನಂತೆ. ಆ ಒಂದು ಕೊಳವೆ ಲಾರಿಯಲ್ಲಿಯೇ ವಾಪಸು ಹೋಯಿತು.